ಆಕೆ ಹೇಗೆ ಬದುಕಿದ್ದಳು? ವರದಕ್ಷಿಣೆ ಸಾವು, ಸಾಕ್ಷ್ಯ ಮತ್ತು ಖುಲಾಸೆಯ ಮೇಲ್ಮನವಿ

1983ರ ಮೇ ತಿಂಗಳಲ್ಲಿ ದೆಹಲಿಯ ಸೆಷನ್ಸ್ ನ್ಯಾಯಾಲಯ ಒಂದೇ ಮನೆಯ ಮೂವರಿಗೆ ಗಲ್ಲು ಶಿಕ್ಷೆ ವಿಧಿಸಿತು. 1980ರ ಡಿಸೆಂಬರ್ 1ರ ರಾತ್ರಿ ಆ ಮನೆಯ ತುಂಬು ಗರ್ಭಿಣಿ ಸೊಸೆ ಬೆಂಕಿಗೆ ಸಿಕ್ಕು ಸತ್ತಿದ್ದಳು. ಗಂಡ, ಅತ್ತೆ ಮತ್ತು ಗಂಡನ ಸಹೋದರ ಸೇರಿ ಆಕೆಯನ್ನು ಕೊಂದರೆಂದು ನ್ಯಾಯಾಧೀಶರು ತೀರ್ಮಾನಿಸಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮೂವರನ್ನೂ ಖುಲಾಸೆಗೊಳಿಸಿತು. ಮಹಿಳಾ ಸಂಘಟನೆಗಳು ಬೀದಿಗಿಳಿದವು, ಪ್ರತಿಭಟನೆ ನ್ಯಾಯಾಂಗ ನಿಂದನೆಯ ಪ್ರಶ್ನೆಯವರೆಗೂ ಹೋಯಿತು. ಕಾನೂನು ವರದಿಗಳಲ್ಲಿ ‘ದೆಹಲಿ ಆಡಳಿತ ವಿರುದ್ಧ ಲಕ್ಷ್ಮಣ್ ಕುಮಾರ್’ ಎಂದು ದಾಖಲಾಗಿರುವ ಈ ಮೊಕದ್ದಮೆ 1985ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಗಂಡ ಮತ್ತು ಅತ್ತೆಯ ಖುಲಾಸೆ ರದ್ದಾಗಿ ಜೀವಾವಧಿ ಶಿಕ್ಷೆಯಾಯಿತು. ಸಹೋದರನ ಖುಲಾಸೆ ಉಳಿಯಿತು. ಖುಲಾಸೆಯಾಗಿ ಎರಡು ವರ್ಷ ಹೊರಗಿದ್ದವರಿಗೆ ಮತ್ತೆ ಗಲ್ಲು ವಿಧಿಸುವುದು ಬೇಡವೆಂದು ನ್ಯಾಯಾಲಯ ಭಾವಿಸಿತು. ಮೂರು ನ್ಯಾಯಾಲಯಗಳ ಮುಂದಿದ್ದದ್ದೂ ಒಂದೇ ಕಡತ. ಕೂಗು ಕೇಳಿ ಓಡಿಬಂದ ನೆರೆಹೊರೆಯವರು, ಬೆಂಕಿಯ ಹಿಂದೆ ಯಾರಿದ್ದರೆಂದು ಆಕೆಯ ಬಾಯಿಂದಲೇ ಕೇಳಿಸಿಕೊಂಡದ್ದನ್ನು ಸಾಕ್ಷಿಕಟ್ಟೆಯಲ್ಲಿ ಹೇಳಿದ್ದರು. ಸುಪ್ರೀಂ ಕೋರ್ಟ್ ಆ ಮಾತುಗಳನ್ನು ಮತ್ತೊಮ್ಮೆ ತೂಗಿ ನಂಬಿತು. ತೂಗುವುದಕ್ಕೆ ಮಾತುಗಳು ದಾಖಲೆಯಲ್ಲಿದ್ದವು ಎಂಬುದೇ ಇಲ್ಲಿ ಮುಖ್ಯ.

ಇದೇ ಹೊತ್ತಿಗೆ ಪುಣೆಯ ಇನ್ನೊಂದು ಮೊಕದ್ದಮೆ ತದ್ವಿರುದ್ಧ ದಿಕ್ಕಿನಲ್ಲಿ ಸಾಗಿತ್ತು. 1982ರ ಜೂನ್‌ನಲ್ಲಿ, ಮದುವೆಯಾಗಿ ಕೆಲವೇ ತಿಂಗಳಾಗಿದ್ದ ಯುವತಿಯೊಬ್ಬಳು ವಿಷದಿಂದ ಸತ್ತಿದ್ದಳು. ಸೆಷನ್ಸ್ ನ್ಯಾಯಾಲಯ ಗಂಡನಿಗೆ ಗಲ್ಲು ವಿಧಿಸಿತು, ಬಾಂಬೆ ಹೈಕೋರ್ಟ್ ಎತ್ತಿಹಿಡಿಯಿತು, 1984ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆತನನ್ನು ಬಿಡುಗಡೆ ಮಾಡಿತು. ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪು ಎಂದು ಇಂದಿಗೂ ಪ್ರತಿ ಕ್ರಿಮಿನಲ್ ವಕೀಲರ ಬಾಯಲ್ಲಿರುವುದು ಇದೇ. ಸಾಂದರ್ಭಿಕ ಸಾಕ್ಷ್ಯದಿಂದ ಅಪರಾಧ ಸಾಬೀತಾಗಬೇಕಾದರೆ ಕೂಡಿಬರಲೇಬೇಕಾದ ಐದು ಷರತ್ತುಗಳನ್ನು ನ್ಯಾಯಮೂರ್ತಿ ಫಜಲ್ ಅಲಿ ಇಲ್ಲಿಯೇ ಒಟ್ಟುಗೂಡಿಸಿದರು. ಆದರೆ ಈ ತೀರ್ಪಿನಲ್ಲಿ ಅಷ್ಟಾಗಿ ಯಾರೂ ನೆನಪಿಸಿಕೊಳ್ಳದ ಇನ್ನೊಂದು ಭಾಗವಿದೆ. ಸತ್ತವಳು ಅಕ್ಕನಿಗೂ ಗೆಳತಿಗೂ ಪತ್ರಗಳನ್ನು ಬರೆದಿದ್ದಳು. ಸಾವನ್ನು ಎದುರಿಗಿಟ್ಟುಕೊಂಡು ಬರೆದವಲ್ಲದಿದ್ದರೂ ಆ ಪತ್ರಗಳು ಸಾವಿಗೆ ಕಾರಣವಾದ ಸನ್ನಿವೇಶವನ್ನು ತಿಳಿಸುವುದರಿಂದ ಸಾಕ್ಷ್ಯವಾಗಿ ಒಪ್ಪತಕ್ಕವೆಂದು ನ್ಯಾಯಾಲಯ ಹೇಳಿತು. ಒಪ್ಪಿಯೂ ಗಂಡನನ್ನು ಬಿಟ್ಟಿತು, ಏಕೆಂದರೆ ಆಕೆಯೇ ವಿಷ ತೆಗೆದುಕೊಂಡಿರುವ ಸಾಧ್ಯತೆ ಅಳಿದಿರಲಿಲ್ಲ. ಪತ್ರಗಳು ಹೇಳುತ್ತಿದ್ದದ್ದು ಆಕೆ ಆ ಮನೆಯಲ್ಲಿ ಹೇಗೆ ಬದುಕಿದ್ದಳೆಂಬುದನ್ನು. ಕೊಲೆಯ ಆಪಾದನೆಯ ಅಡಿಯಲ್ಲಿ ನ್ಯಾಯಾಲಯ ಕೇಳಬೇಕಾಗಿದ್ದದ್ದು ಆಕೆ ಹೇಗೆ ಸತ್ತಳೆಂಬುದನ್ನು ಮಾತ್ರ.

ಈ ಎರಡು ಪ್ರಶ್ನೆಗಳ ನಡುವಿನ ಕಂದಕವನ್ನು ಮುಚ್ಚಲೆಂದೇ ಕಾನೂನು ಬದಲಾಯಿತು. 1961ರಲ್ಲಿ ಸಂಸತ್ತಿನ ಎರಡೂ ಸದನಗಳು ಜಂಟಿಯಾಗಿ ಕೂತು ವರದಕ್ಷಿಣೆ ನಿಷೇಧ ಕಾಯ್ದೆಯನ್ನು ಅಂಗೀಕರಿಸಿದ್ದವು, ಆದರೆ ಆ ಕಾಯ್ದೆ ಕೊಡು-ಕೊಳ್ಳುವಿಕೆಯ ಬಗ್ಗೆ ಮಾತಾಡಿತೇ ಹೊರತು ಸಾವಿನ ಬಗ್ಗೆ ಮಾತಾಡಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ದೆಹಲಿಯ ಸೀಮೆಎಣ್ಣೆ ಸಾವುಗಳು ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂಬ ಒಂದು ಸಾಲಿನ ಸುದ್ದಿಯಾಗಿ ಮುಗಿಯುತ್ತಿದ್ದಾಗ, 1979ರಲ್ಲಿ ಮಗಳನ್ನು ಕಳೆದುಕೊಂಡ ಸತ್ಯರಾಣಿ ಚಡ್ಡಾ ಅವರಂಥ ತಾಯಂದಿರು ಅದನ್ನು ಅಪಘಾತವೆಂದು ಒಪ್ಪಲು ನಿರಾಕರಿಸಿದರು. 1983ರ ಆಗಸ್ಟ್‌ನಲ್ಲಿ ಕಾನೂನು ಆಯೋಗ ತನ್ನ 91ನೇ ವರದಿಯನ್ನು ವರದಕ್ಷಿಣೆ ಸಾವುಗಳಿಗೇ ಮೀಸಲಿಟ್ಟಿತು. ಅದೇ ವರ್ಷಾಂತ್ಯದಲ್ಲಿ ಭಾರತೀಯ ದಂಡ ಸಂಹಿತೆಗೆ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಂ ಬಂತು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತರೆ ಶವಪರೀಕ್ಷೆ ಮತ್ತು ಮ್ಯಾಜಿಸ್ಟ್ರೇಟರ ವಿಚಾರಣೆಗೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜಾಗ ಸಿಕ್ಕಿತು. 1986ರ ನವೆಂಬರ್ 19ರಿಂದ ದಂಡ ಸಂಹಿತೆಯ 304ಬಿ ಮತ್ತು ಸಾಕ್ಷ್ಯ ಅಧಿನಿಯಮದ 113ಬಿ ಜಾರಿಗೆ ಬಂದವು. ಸಾವು ಸಹಜವಲ್ಲದ್ದಾಗಿರಬೇಕು, ಮದುವೆಯಾದ ಏಳು ವರ್ಷದೊಳಗೆ ಆಗಿರಬೇಕು, ‘ಸಾವಿಗೆ ಸ್ವಲ್ಪ ಮುನ್ನ’ ವರದಕ್ಷಿಣೆಗಾಗಿ ಆಕೆಯನ್ನು ಪೀಡಿಸಿರಬೇಕು. ಇಷ್ಟು ಸಾಬೀತಾದರೆ ಸಾವಿಗೆ ಗಂಡ ಅಥವಾ ಆತನ ಸಂಬಂಧಿಕರೇ ಕಾರಣರೆಂದು ನ್ಯಾಯಾಲಯ ಭಾವಿಸಲೇಬೇಕು. ಹಾಗಲ್ಲವೆಂದು ತೋರಿಸುವ ಹೊಣೆ ಅವರದು. ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು. ಕೊಲೆಯೋ ಆತ್ಮಹತ್ಯೆಯೋ ಎಂಬ ಗಂಟನ್ನು ಬಿಡಿಸುವ ಅಗತ್ಯವೇ ಇಲ್ಲವಾಯಿತು.

1986ರ ಈ ಬದಲಾವಣೆ ನಿಜಕ್ಕೂ ದೊಡ್ಡದು, ಆದರೆ ಅದರ ಸ್ವರೂಪವನ್ನು ನಾವು ತಪ್ಪಾಗಿ ಅರ್ಥಮಾಡಿಕೊಂಡಿದ್ದೇವೆ ಎಂಬುದು ನನ್ನ ವಾದ. ಸಾಬೀತುಪಡಿಸುವ ಹೊಣೆ ಆರೋಪಿಯ ಹೆಗಲಿಗೆ ಹೋಯಿತು, ಇನ್ನು ಪ್ರಾಸಿಕ್ಯೂಷನ್ ಕೆಲಸ ಸುಲಭ ಎಂಬ ಭಾವನೆ ಪೊಲೀಸರಲ್ಲೂ ಜನರಲ್ಲೂ ಬೇರೂರಿತು. ನಡೆದದ್ದು ಬೇರೆ. ಮೊಕದ್ದಮೆಯ ಭಾರ ಸಾವಿನ ಗಳಿಗೆಯಿಂದ ಕದಲಿ ಅದಕ್ಕೆ ಹಿಂದಿನ ತಿಂಗಳುಗಳ ಮೇಲೆ ಬಿತ್ತು. ಸಾವಿನ ಗಳಿಗೆಗೆ ಹೆಣವಿದೆ, ವೈದ್ಯರಿದ್ದಾರೆ, ಸುಟ್ಟ ಸೀರೆಯ ತುಂಡಿದೆ, ಮಹಜರಿದೆ. ಹಿಂದಿನ ತಿಂಗಳುಗಳಿಗೆ ಇರುವವರು ತವರಿನವರು ಮಾತ್ರ. ಅವರನ್ನು ಹಿತಾಸಕ್ತಿಯುಳ್ಳ ಸಾಕ್ಷಿಗಳೆಂದು ಪಾಟೀಸವಾಲಿನ ಮೊದಲ ಪ್ರಶ್ನೆಯಲ್ಲೇ ಬದಿಗೆ ತಳ್ಳಬಹುದು. ಅಷ್ಟು ಹಿಂಸೆ ಇದ್ದಿದ್ದರೆ ದೂರು ಏಕೆ ಕೊಡಲಿಲ್ಲ? ಹಬ್ಬಕ್ಕೆ ಕರೆದುಕೊಂಡು ಬಂದವರು ಮತ್ತೆ ಅದೇ ಮನೆಗೆ ಏಕೆ ಬಿಟ್ಟುಬಂದಿರಿ? ಪಂಚಾಯ್ತಿ ನಡೆದಿದ್ದರೆ ಬರೆದಿಟ್ಟ ಕಾಗದವೆಲ್ಲಿ? ಈ ಪ್ರಶ್ನೆಗಳಿಗೆ ನಮ್ಮ ಮನೆಗಳಲ್ಲಿ ಉತ್ತರ ಎಲ್ಲರಿಗೂ ಗೊತ್ತು. ಹೊಂದಿಕೊಂಡು ಹೋಗಮ್ಮ, ಮಗುವಾದರೆ ಎಲ್ಲ ಸರಿಹೋಗುತ್ತದೆ, ತಂಗಿಯ ಮದುವೆ ಇನ್ನೂ ಆಗಬೇಕು ಎಂದು ತಾಯಿತಂದೆಯರು ಮಗಳನ್ನು ವಾಪಸು ಕಳಿಸಿದ್ದಾರೆ. ಬದುಕಿನಲ್ಲಿ ಇದು ಪೀಡನೆ ಇತ್ತೆಂಬುದಕ್ಕೆ ಗುರುತು; ಸಾಕ್ಷಿಕಟ್ಟೆಯಲ್ಲಿ ಪೀಡನೆ ಇರಲಿಲ್ಲವೆಂಬುದಕ್ಕೆ ಪುರಾವೆಯಾಗಿ ತಿರುಗಿಬಿಡುತ್ತದೆ. ಖುಲಾಸೆಯ ತೀರ್ಪುಗಳಲ್ಲಿ ಮತ್ತೆ ಮತ್ತೆ ಎದುರಾಗುವ ತರ್ಕ ಇದು.

ಬೆಂಗಳೂರಿನಲ್ಲಿ ಈ ಇತಿಹಾಸ ಬಹುಪಾಲು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ನಡೆದಿದೆ. ‘ವಿಮೋಚನಾ’ ಸಂಘಟನೆಯ ಕಾರ್ಯಕರ್ತೆಯರು ತೊಂಬತ್ತರ ದಶಕದಲ್ಲಿ ಆ ವಾರ್ಡಿನ ಹಾಸಿಗೆಗಳ ಪಕ್ಕ ಕೂತು, ಠಾಣೆಗಳ ಯುಡಿಆರ್ ಅಂದರೆ ಅಸ್ವಾಭಾವಿಕ ಮರಣ ವರದಿಗಳನ್ನು ಹಿಡಿದು ಹೋಲಿಸತೊಡಗಿದಾಗ ಕಂಡದ್ದು, ಸ್ಟೋವ್ ಸಿಡಿದ ಅಪಘಾತಗಳೆಂದು ಮುಚ್ಚಿಹೋದ ಕಡತಗಳ ಸಾಲು. ಸುಟ್ಟಗಾಯದಲ್ಲಿ ಬಂದವಳನ್ನು ಆಸ್ಪತ್ರೆಗೆ ತರುವವರು ಗಂಡನ ಮನೆಯವರೇ; ಮೊದಲ ಹೇಳಿಕೆ ದಾಖಲಾಗುವಾಗ ಪಕ್ಕದಲ್ಲಿ ನಿಂತಿರುವವರೂ ಅವರೇ; ಮಕ್ಕಳು ಇರುವುದೂ ಅವರ ಬಳಿಯೇ. ಹಾಗಾಗಿ ಆಕೆ ‘ಅಡುಗೆ ಮಾಡುವಾಗ ಸೆರಗಿಗೆ ಬೆಂಕಿ ತಗುಲಿತು’ ಅನ್ನುತ್ತಾಳೆ. ತಾಯಿ ಊರಿನಿಂದ ಬಂದ ಮೇಲೆ ಇನ್ನೊಂದು ಮಾತು ಹೇಳುತ್ತಾಳೆ. ಎರಡು ಮರಣಪೂರ್ವ ಹೇಳಿಕೆಗಳು ಬೇರೆ ಬೇರೆಯಾದ ಕೂಡಲೇ ಸಂಶಯದ ಲಾಭ ಆರೋಪಿಗೆ ಸಿಗುವ ದಾರಿ ತೆರೆಯುತ್ತದೆ. ಹೇಳಿಕೆ ಕೊಡುವ ಸ್ಥಿತಿಯಲ್ಲಿ ಆಕೆ ಇದ್ದಳೆಂದು ವೈದ್ಯರು ಬರೆದುಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಹೇಳಿಕೆಯನ್ನೇ ತಳ್ಳಿಹಾಕಿದ ಕಾಲವೂ ಇತ್ತು. 2002ರಲ್ಲಿ ಲಕ್ಷ್ಮಣ್ ವಿರುದ್ಧ ಮಹಾರಾಷ್ಟ್ರ ಪ್ರಕರಣದ ಸಂವಿಧಾನ ಪೀಠ ಇದನ್ನು ತಿದ್ದಿತು. ಹೇಳಿಕೆ ಬರೆದುಕೊಂಡವರು ಆಕೆಗೆ ಪ್ರಜ್ಞೆಯಿತ್ತೆಂದು ಮನವರಿಕೆಯಾಗಿ ಬರೆದಿದ್ದರೆ ವೈದ್ಯರ ಷರಾ ಇಲ್ಲದಿದ್ದರೂ ಅದು ಸಾಕ್ಷ್ಯವೇ ಎಂದಿತು.

‘ಸಾವಿಗೆ ಸ್ವಲ್ಪ ಮುನ್ನ’ ಎಂಬ ಮೂರು ಪದಗಳ ಮೇಲೆ ನಡೆದಷ್ಟು ಜಗ್ಗಾಟ ಈ ಕಲಮಿನ ಬೇರಾವ ಭಾಗದ ಮೇಲೂ ನಡೆದಿಲ್ಲ. ಎಷ್ಟು ದಿನ? ಹದಿನೈದೇ, ಮೂರು ತಿಂಗಳೇ? ಸಂಸತ್ತು ಅಂಕಿ ಹೇಳಲಿಲ್ಲ, ಹೇಳದಿದ್ದದ್ದೇ ವಿವೇಕ. 2000ದ ಕಂಸ್ ರಾಜ್ ತೀರ್ಪಿನಿಂದ 2021ರ ಸತ್ಬೀರ್ ಸಿಂಗ್ ತೀರ್ಪಿನವರೆಗೆ ಸುಪ್ರೀಂ ಕೋರ್ಟ್ ಹೇಳುತ್ತ ಬಂದದ್ದು ಇಷ್ಟೆ: ‘ಸ್ವಲ್ಪ ಮುನ್ನ’ ಅಂದರೆ ‘ಅದರ ಹಿಂದಿನ ಗಳಿಗೆ’ ಅಲ್ಲ, ಪೀಡನೆಗೂ ಸಾವಿಗೂ ನಡುವೆ ಜೀವಂತ ನಂಟು ಇರಬೇಕು. ಆದರೂ ಕೊನೆಯ ಜಗಳದ ತಾರೀಕು ಕೇಳಿ, ತಾಯಿಗೆ ತಾರೀಕು ನೆನಪಿಲ್ಲದ್ದನ್ನೇ ಹಿಡಿದು ಬಿಡುಗಡೆ ಮಾಡುವುದು ನಿಂತಿಲ್ಲ. ವರದಕ್ಷಿಣೆ ಯಾವುದು ಎಂಬ ಪ್ರಶ್ನೆಯೂ ಇದೇ ಹಾದಿ ತುಳಿಯಿತು. 2007ರ ಅಪ್ಪಾಸಾಹೇಬ್ ತೀರ್ಪು, ಮನೆಖರ್ಚಿಗೂ ಗೊಬ್ಬರಕ್ಕೂ ಹಣ ತಾ ಎಂದದ್ದು ವರದಕ್ಷಿಣೆಯಲ್ಲ ಎಂದಿತ್ತು. ನಮ್ಮ ಹಳ್ಳಿಗಳಲ್ಲಿ ಅಳಿಯ ಕೇಳುವುದು ಹೀಗೆಯೇ: ಬೋರ್‌ವೆಲ್ ಕೊರೆಸಬೇಕು, ಸೈಟು ಕೊಳ್ಳಬೇಕು, ಅಂಗಡಿ ಇಡಬೇಕು. 2015ರಲ್ಲಿ ರಾಜಿಂದರ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರಿದ್ದ ತ್ರಿಸದಸ್ಯ ಪೀಠ ಆ ಅರ್ಥವನ್ನು ಕೈಬಿಟ್ಟಿತು. 2022ರ ಜನವರಿಯ ಜೋಗೇಂದ್ರ ಪ್ರಕರಣ ಇನ್ನೂ ಸ್ಪಷ್ಟ. ಮಧ್ಯಪ್ರದೇಶದ ಐದು ತಿಂಗಳ ಗರ್ಭಿಣಿಯೊಬ್ಬಳು ಸುಟ್ಟು ಸತ್ತಿದ್ದಳು. ಮನೆ ಕಟ್ಟಲು ಹಣ ಬೇಕೆಂದು ತವರಿನವರನ್ನು ಕೇಳಿದ್ದವಳು ಆಕೆಯೇ, ಆದ್ದರಿಂದ ಅದು ವರದಕ್ಷಿಣೆಯಲ್ಲ ಎಂದು ಹೈಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತ್ತು. ಆಕೆಯಿಂದ ಹಾಗೆ ಕೇಳಿಸಿದವರು ಯಾರು ಎಂದು ಸುಪ್ರೀಂ ಕೋರ್ಟ್ ನೋಡಿತು. ಅದು ಆಕೆಯ ಒಪ್ಪಿಗೆಯಲ್ಲ, ಆಕೆಯ ಅಸಹಾಯಕತೆ ಎಂದು ಹೇಳಿ ಗಂಡ ಮತ್ತು ಮಾವನಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು. ಸಾಕ್ಷಿಗಳು ಹೇಳಿದ್ದು ಎರಡೂ ಕಡೆ ಅದೇ ಮಾತು. ಅದನ್ನು ಓದಿದ ರೀತಿ ಬೇರೆ.

ಹಾಗಾದರೆ ಖುಲಾಸೆಯ ವಿರುದ್ಧದ ಮೇಲ್ಮನವಿಯಿಂದ ಏನಾಗಬಲ್ಲದು, ಏನಾಗಲಾರದು? 1934ರಲ್ಲಿ ಶಿವಸ್ವರೂಪ್ ಪ್ರಕರಣದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹಾಕಿದ ಬುನಾದಿಯೇ ಇಂದಿಗೂ ನಿಂತಿದೆ. ಖುಲಾಸೆಯಾದರೂ ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮರುಪರಿಶೀಲಿಸಬಹುದು, ಆದರೆ ಸಾಕ್ಷಿಗಳನ್ನು ಕಣ್ಣಾರೆ ಕಂಡ ನ್ಯಾಯಾಧೀಶರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು, ಆರೋಪಿಯ ನಿರಪರಾಧಿತ್ವದ ಭಾವನೆಯನ್ನು ಮರೆಯಬಾರದು. 2007ರಲ್ಲಿ ಕರ್ನಾಟಕದಿಂದ ಹೋದ ಚಂದ್ರಪ್ಪ ಪ್ರಕರಣದಲ್ಲಿ ನ್ಯಾಯಮೂರ್ತಿ ಸಿ.ಕೆ. ಠಕ್ಕರ್ ಈ ಎಳೆಗಳನ್ನು ಒಂದೆಡೆ ತಂದರು. ಆರೋಪಿ ಮೊದಲೇ ನಿರಪರಾಧಿಯೆಂದು ಭಾವಿಸಲ್ಪಟ್ಟವನು, ಖುಲಾಸೆಯಾದ ಮೇಲೆ ಆ ಭಾವನೆ ಇಮ್ಮಡಿಯಾಗುತ್ತದೆ. ಒಂದೇ ಸಾಕ್ಷ್ಯದಿಂದ ಎರಡು ವಿವೇಕಯುತ ತೀರ್ಮಾನಗಳು ಸಾಧ್ಯವಾದರೆ ಖುಲಾಸೆಯನ್ನು ಕದಲಿಸಬಾರದು. ಇದು ನ್ಯಾಯ. ಸರ್ಕಾರದ ಬಲದ ಮುಂದೆ ಒಬ್ಬಂಟಿಯಾಗಿ ನಿಂತವನಿಗೆ ಈ ರಕ್ಷಣೆ ಬೇಕೇಬೇಕು, ವರದಕ್ಷಿಣೆ ಸಾವಿನ ಆರೋಪಿಗೂ ಬೇಕು. ಆದರೆ ‘ವಿವೇಕಯುತ’ ಎಂಬ ಮಾತಿಗೆ ತೂಕವಿರಬೇಕು. ಮಗಳನ್ನು ವಾಪಸು ಕಳಿಸಿದರು, ಆದ್ದರಿಂದ ಹಿಂಸೆಯಿರಲಿಲ್ಲ ಎಂಬ ತೀರ್ಮಾನ ಈ ನಾಡಿನ ಮದುವೆಗಳನ್ನು ಬಲ್ಲ ಯಾರಿಗೂ ವಿವೇಕಯುತವಾಗಿ ಕಾಣದು. ಅಂಥ ತರ್ಕದ ಮೇಲೆ ನಿಂತ ಖುಲಾಸೆಯನ್ನು ಹೈಕೋರ್ಟ್ ಮುಟ್ಟಬಹುದು, ಮುಟ್ಟಬೇಕು. ಅಪರಾಧಿಯನ್ನು ಬಿಡುವುದೂ ನ್ಯಾಯದ ಸೋಲೇ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1973ರ ಬೋಬಡೆ ತೀರ್ಪಿನಲ್ಲೇ ಎಚ್ಚರಿಸಿದ್ದರು.

ಮೇಲ್ಮನವಿ ಹೂಡುವವರು ಯಾರು ಎಂಬುದೂ ಬಹುಕಾಲ ತೊಡಕಾಗಿತ್ತು. ಪೊಲೀಸ್ ಮೊಕದ್ದಮೆಯಲ್ಲಿ ಖುಲಾಸೆಯಾದರೆ ಸರ್ಕಾರ ಮಾತ್ರ ಹೈಕೋರ್ಟಿಗೆ ಹೋಗಬಹುದಿತ್ತು, ಅದೂ ಅನುಮತಿ ಪಡೆದು. ಕಡತ ಇಲಾಖೆಯಿಂದ ಇಲಾಖೆಗೆ ಸಾಗುವಷ್ಟರಲ್ಲಿ ಗಡುವು ಮುಗಿದರೆ ತಾಯಿಗೆ ಉಳಿಯುತ್ತಿದ್ದದ್ದು ಮರುಪರಿಶೀಲನಾ ಅರ್ಜಿ; ಅದರಲ್ಲಿ ಖುಲಾಸೆಯನ್ನು ಶಿಕ್ಷೆಯಾಗಿ ಬದಲಿಸಲು ಬಾರದು. 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ, ಸಂತ್ರಸ್ತರಿಗೂ ಅವರ ವಾರಸುದಾರರಿಗೂ ಮೇಲ್ಮನವಿಯ ಹಕ್ಕು ಕೊಟ್ಟಿತು. ಆ ಹಕ್ಕು ಬಳಸಲು ಹೈಕೋರ್ಟಿನ ಪೂರ್ವಾನುಮತಿ ಬೇಕೇ ಎಂಬ ಗೊಂದಲ ಬಗೆಹರಿದದ್ದು 2018ರ ಅಕ್ಟೋಬರ್‌ನಲ್ಲಿ, ಕರ್ನಾಟಕದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ನ್ಯಾಯಮೂರ್ತಿ ಮದನ್ ಲೋಕೂರ್ ಬರೆದ ಬಹುಮತದ ತೀರ್ಪು ಅನುಮತಿ ಬೇಡವೆಂದಿತು. ಅದು ವರದಕ್ಷಿಣೆಯ ಮೊಕದ್ದಮೆಯಲ್ಲ, ಹಲ್ಲೆಯದು. ತೀರ್ಪು ಬರುವ ಹೊತ್ತಿಗೆ ಮೇಲ್ಮನವಿದಾರರು ತೀರಿಕೊಂಡಿದ್ದರಿಂದ ಅವರ ವಾರಸುದಾರರು ಅದನ್ನು ಮುಂದುವರಿಸಿದ್ದರು. ಮಗಳನ್ನು ಕಳೆದುಕೊಂಡ ತಾಯಿತಂದೆಯರಿಗೆ ಈ ತೀರ್ಪಿನಿಂದ ಸಿಕ್ಕಿದ್ದು ಸಣ್ಣದಲ್ಲ.

ಆದರೂ ಮೇಲ್ಮನವಿ ಹೊಸ ಸಾಕ್ಷ್ಯವನ್ನು ಹುಟ್ಟಿಸುವುದಿಲ್ಲ. ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕೆ ಇದೆ, ತನಿಖೆಯ ಕಂದಕಗಳನ್ನು ತುಂಬಲು ಅದನ್ನು ಬಳಸುವುದು ತೀರಾ ಅಪರೂಪ. ಕೆಳಗಿನ ನ್ಯಾಯಾಲಯದಲ್ಲಿ ಆದ ತಪ್ಪು ಮೇಲೆ ಹೇಗೆ ಕಾಡುತ್ತದೆ ಎಂಬುದಕ್ಕೆ ಕರ್ನಾಟಕದ ಶಂನ್‌ಸಾಹೇಬ್ ಮುಲ್ತಾನಿ ಪ್ರಕರಣವನ್ನು ನೋಡಬೇಕು. ಸೆಷನ್ಸ್ ನ್ಯಾಯಾಲಯದಲ್ಲಿ ಕೊಲೆಯ ಆಪಾದನೆ ಹೊರಿಸಲಾಗಿತ್ತು, 304ಬಿ ಹೊರಿಸಿರಲಿಲ್ಲ. ಖುಲಾಸೆಯ ವಿರುದ್ಧ ಸರ್ಕಾರ ಮೇಲ್ಮನವಿ ಹೋದಾಗ ಕರ್ನಾಟಕ ಹೈಕೋರ್ಟ್ ಆರೋಪಿಯನ್ನು ವರದಕ್ಷಿಣೆ ಸಾವಿಗಾಗಿ ಶಿಕ್ಷಿಸಿತು. 2001ರಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರಿದ್ದ ಪೀಠ ಒಪ್ಪಲಿಲ್ಲ. ವರದಕ್ಷಿಣೆ ಸಾವಿನಲ್ಲಿ ಪೂರ್ವಭಾವನೆಯನ್ನು ಅಲ್ಲಗಳೆಯುವ ಹೊಣೆ ಆರೋಪಿಯ ಮೇಲಿದೆ. ಆ ಆಪಾದನೆಯನ್ನೇ ಹೊರಿಸದಿದ್ದರೆ ಆತ ಅಲ್ಲಗಳೆಯುವುದು ಏನನ್ನು? ಕಡತ ಮತ್ತೆ ವಿಚಾರಣಾ ನ್ಯಾಯಾಲಯಕ್ಕೆ ಬಂತು. ಆಪಾದನೆ ರಚಿಸುವ ದಿನ ಪರ್ಯಾಯವಾಗಿ ಒಂದು ಕಲಂ ಸೇರಿಸಿದ್ದರೆ ಇಷ್ಟು ವರ್ಷಗಳ ಅಲೆದಾಟ ತಪ್ಪುತ್ತಿತ್ತು. ಇದಕ್ಕೆ ಪ್ರತಿಯಾಗಿ 2010ರಲ್ಲಿ ಎಲ್ಲ ವರದಕ್ಷಿಣೆ ಸಾವಿನ ಮೊಕದ್ದಮೆಗಳಿಗೂ ಕೊಲೆಯ ಆಪಾದನೆ ಸೇರಿಸಿರೆಂದು ಬಂದ ಆದೇಶವನ್ನು, ಸಾಕ್ಷ್ಯವಿದ್ದರೆ ಮಾತ್ರ ಸೇರಿಸಿ ಎಂದು 2013ರಲ್ಲಿ ಸುಪ್ರೀಂ ಕೋರ್ಟೇ ಮಿತಿಗೊಳಿಸಬೇಕಾಯಿತು.

ಪೂರ್ವಭಾವನೆಯೇ ಅನ್ಯಾಯ, ನಿರಪರಾಧಿತ್ವದ ತತ್ವಕ್ಕೆ ವಿರುದ್ಧ ಎನ್ನುವವರಿಗೆ ಮುಲ್ತಾನಿ ತೀರ್ಪೇ ಒಂದು ಉತ್ತರ. ನ್ಯಾಯಾಲಯಗಳು ಆ ಪೂರ್ವಭಾವನೆಯನ್ನು ಎಚ್ಚರದಿಂದಲೇ ಬಳಸಿವೆ. ಅದು ತಾನಾಗಿ ಹುಟ್ಟುವುದೂ ಇಲ್ಲ. ಪೀಡನೆ, ವರದಕ್ಷಿಣೆಯ ಬೇಡಿಕೆ, ಕಾಲದ ನಂಟು, ಅಸಹಜ ಸಾವು ಇವನ್ನೆಲ್ಲ ಪ್ರಾಸಿಕ್ಯೂಷನ್ ಮೊದಲು ತೋರಿಸಬೇಕು. ಮನೆಯ ನಾಲ್ಕು ಗೋಡೆಯೊಳಗೆ ನಡೆದದ್ದನ್ನು ಬಲ್ಲವರು ಆ ಮನೆಯವರೇ ಆದ್ದರಿಂದ ಆಮೇಲೆ ಅವರನ್ನು ಕೇಳುವುದರಲ್ಲಿ ಅತಿಯಾದದ್ದೇನೂ ಇಲ್ಲ. ಇನ್ನೊಂದು ಆಕ್ಷೇಪ ಸುಳ್ಳು ಮೊಕದ್ದಮೆಗಳದು. 498ಎ ಬಗ್ಗೆ ಸುಪ್ರೀಂ ಕೋರ್ಟೇ ಈ ಆತಂಕ ವ್ಯಕ್ತಪಡಿಸಿದೆ. 2014ರ ಅರ್ನೇಶ್ ಕುಮಾರ್ ತೀರ್ಪು ವಿವೇಚನೆಯಿಲ್ಲದ ಬಂಧನಕ್ಕೆ ಕಡಿವಾಣ ಹಾಕಿತು. ಆದರೆ ವರದಕ್ಷಿಣೆ ಸಾವಿನಲ್ಲಿ ಒಬ್ಬ ಹೆಣ್ಣುಮಗಳು ಸತ್ತಿರುತ್ತಾಳೆ, ಆ ಸಾವು ಕಟ್ಟುಕಥೆಯಲ್ಲ. ಈ ಆಕ್ಷೇಪದಲ್ಲಿ ಒಪ್ಪಬೇಕಾದ ಸತ್ಯವೂ ಇದೆ. ದುಃಖ ಮತ್ತು ಸಿಟ್ಟಿನಲ್ಲಿ ತವರಿನವರು ಬೇರೆ ಊರಿನಲ್ಲಿದ್ದ ನಾದಿನಿಯನ್ನೂ ಅವಳ ಗಂಡನನ್ನೂ ದೂರಿಗೆ ಸೇರಿಸಿಬಿಡುತ್ತಾರೆ. ಕಂಸ್ ರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಂಡನ ಖುಲಾಸೆಯನ್ನು ರದ್ದುಪಡಿಸಿ ಉಳಿದ ಸಂಬಂಧಿಕರ ಖುಲಾಸೆಯನ್ನು ಉಳಿಸಿತು; ಎಲ್ಲರನ್ನೂ ಸೇರಿಸುವ ಚಾಳಿ ನಿಜವಾದ ಅಪರಾಧಿಯ ವಿರುದ್ಧದ ಮೊಕದ್ದಮೆಯನ್ನೇ ಸಡಿಲಗೊಳಿಸುತ್ತದೆ ಎಂದು ಹೇಳಿತು. ಸತ್ತವಳ ಪಾಲಿಗೂ ಅದು ಹಾನಿಯೇ. ಶಿಕ್ಷೆ ಹೆಚ್ಚಿಸಿದರೆ ಸರಿಹೋದೀತು ಎಂಬ ವಾದವೂ ಇದೆ. ವರದಕ್ಷಿಣೆ ಸಾವಿಗೆ ಗಲ್ಲು ಬೇಡವೆಂದು ಕಾನೂನು ಆಯೋಗ 2007ರ 202ನೇ ವರದಿಯಲ್ಲಿ ಹೇಳಿದ್ದು ಸರಿಯಾಗಿದೆ. ಸಾಕ್ಷ್ಯ ಸಾಲದೆ ಬೀಳುವ ಮೊಕದ್ದಮೆಯನ್ನು ಶಿಕ್ಷೆಯ ಪ್ರಮಾಣ ಎತ್ತಿ ನಿಲ್ಲಿಸಲಾರದು.

2024ರ ಜುಲೈ 1ರಿಂದ 304ಬಿ ಹೋಗಿ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ ಬಂದಿದೆ. ಸಂಖ್ಯೆ ಬದಲಾಗಿದೆ, ಏಳು ವರ್ಷದ ಗಡುವು, ‘ಸ್ವಲ್ಪ ಮುನ್ನ’ ಎಂಬ ಮಾತು ಹಾಗೆಯೇ ಉಳಿದಿವೆ. ಏಳು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂಬ ನಿಯಮ ಹೊಸದು, ರಾಜ್ಯಗಳು ಅದನ್ನು ಹಂತಹಂತವಾಗಿ ಜಾರಿಗೆ ತರಬೇಕು. ಇದು ಒಳ್ಳೆಯದು, ಆದರೆ ಅಡುಗೆಮನೆಯ ಮಸಿಯನ್ನು ಪರೀಕ್ಷಿಸುವ ತಜ್ಞರು ಮತ್ತೆ ನೋಡುವುದು ಸಾವಿನ ಗಳಿಗೆಯನ್ನೇ. ಹಿಂದಿನ ತಿಂಗಳುಗಳ ಪುರಾವೆ ಇಂದು ಮೊಬೈಲಿನಲ್ಲಿದೆ. ಪುಣೆಯ ಆ ಯುವತಿ ಕಾಗದದಲ್ಲಿ ಬರೆದದ್ದನ್ನು ಈಗಿನವಳು ರಾತ್ರಿ ಹನ್ನೊಂದಕ್ಕೆ ಅಕ್ಕನಿಗೆ ವಾಟ್ಸ್ಆ್ಯಪ್ ಮಾಡುತ್ತಾಳೆ. ಅಪ್ಪ ಅಳಿಯನ ಖಾತೆಗೆ ಹಣ ಹಾಕಿದ ತಾರೀಕು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇರುತ್ತದೆ. ಪಾಟೀಸವಾಲಿನಲ್ಲಿ ತಾಯಿ ಮರೆತ ತಾರೀಕನ್ನು ಅವು ಮರೆಯುವುದಿಲ್ಲ, ಅವನ್ನು ಹಿತಾಸಕ್ತಿಯುಳ್ಳ ಸಾಕ್ಷಿ ಎನ್ನಲೂ ಆಗದು. ಆದರೆ ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆ ಕಾನೂನು ಕೇಳುವ ಪ್ರಮಾಣಪತ್ರ ಇರಲೇಬೇಕೆಂದು 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಖಚಿತಪಡಿಸಿದೆ. ಹಾಗಾಗಿ ಸಾವಾದ ಮೊದಲ ವಾರದಲ್ಲೇ ತನಿಖಾಧಿಕಾರಿ ಸತ್ತವಳ ಫೋನನ್ನೂ ಅಕ್ಕನ ಫೋನನ್ನೂ ಪಂಚನಾಮೆ ಮಾಡಿ ವಶಕ್ಕೆ ಪಡೆಯಬೇಕು, ಬ್ಯಾಂಕಿನ ದಾಖಲೆ ತರಿಸಬೇಕು, ರಾಜಿ ಪಂಚಾಯ್ತಿಗೆ ಕೂತಿದ್ದ ಹಿರಿಯರ ಹೇಳಿಕೆ ಬರೆದುಕೊಳ್ಳಬೇಕು, ಪಕ್ಕದ ಮನೆಯವರನ್ನು ಆರೋಪಿಗಳ ಕಡೆಯವರು ಮಾತಾಡಿಸುವ ಮುನ್ನ ತಾವು ಮಾತಾಡಿಸಬೇಕು. 1980ರ ಡಿಸೆಂಬರ್‌ನಲ್ಲಿ ನೆರೆಯವರು ಕೇಳಿದ್ದನ್ನು ಹೇಳದೆ ಹೋಗಿದ್ದರೆ, 1985ರಲ್ಲಿ ಸುಪ್ರೀಂ ಕೋರ್ಟಿಗೆ ಆ ಖುಲಾಸೆಯನ್ನು ಮುಟ್ಟಲು ಯಾವ ಆಧಾರವೂ ಇರುತ್ತಿರಲಿಲ್ಲ.